ಗಾಣಗಾಪುರದ ಗಿಡ ಸವರುವವರು: ಮಾನ್ಯತೆಯ ಪ್ರಶ್ನೆ ಕುರಿತು ಒಂದು ಟಿಪ್ಪಣಿ

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳ ಪಟ್ಟಿಯಿದೆ. ಆ ಪಟ್ಟಿ ಹಿಡಿದುಕೊಂಡು ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ಗುಡಿಯಿಂದ ಭೀಮಾ–ಅಮರ್ಜಾ ಸಂಗಮದ ಕಡೆಗೆ ನಡೆದರೆ, ಯಾತ್ರಾಸ್ಥಳವೊಂದನ್ನು ಹೊತ್ತು ನಿಲ್ಲಿಸುವ ಕೈಗಳು ಒಂದೊಂದಾಗಿ ಅದರಲ್ಲಿ ಸಿಗುತ್ತವೆ. ಹೂಮಾಲೆ ಕಟ್ಟುವವರು, ಬುಟ್ಟಿ ಹೆಣೆಯುವವರು, ಕ್ಷೌರಿಕರು, ಕುಂಬಾರರು, ಚಪ್ಪಲಿ ಹೊಲಿಯುವವರು ಇದ್ದಾರೆ. ನದಿಯ ಊರಾದ್ದರಿಂದ ಮೀನಿನ ಬಲೆ ಹೆಣೆಯುವವರಿಗೂ ದೋಣಿ ಕಟ್ಟುವವರಿಗೂ ಜಾಗವುಂಟು. ಕೊಡಲಿ ಹದಗೊಳಿಸುವ ಕಮ್ಮಾರನಿದ್ದಾನೆ, ಕಡಿದ ಮರವನ್ನು ಬಾಗಿಲು ಮಾಡುವ ಬಡಿಗನಿದ್ದಾನೆ. ಆ ಕೊಡಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮರ ಹತ್ತಿ, ಬಡಿಗನಿಗೆ ಮರ ಸಿಗುವಂತೆ ಮಾಡುವವನು ಮಾತ್ರ ಇಲ್ಲ. ಪಟ್ಟಿಯಲ್ಲಿದ್ದವರಿಗೆ ಗುರುತಿನ ಚೀಟಿ, ಪ್ರಮಾಣಪತ್ರ, ಸಲಕರಣೆಗೆಂದು 15,000 ರೂಪಾಯಿ, ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಶೇಕಡ 5ರ ಬಡ್ಡಿಯಲ್ಲಿ ಎರಡು ಕಂತಿನ ಸಾಲ ದೊರೆಯುತ್ತದೆ. ಇಲ್ಲದವನಿಗೆ ಯಾವುದೂ ಇಲ್ಲ.

ಈ ಗೈರುಹಾಜರಿಯೇ ನನ್ನ ಟಿಪ್ಪಣಿಯ ಆರಂಭ. ಇಂಗ್ಲೆಂಡ್, ಅಮೆರಿಕಗಳಲ್ಲಿ ಮರಚಿಕಿತ್ಸೆಯ ಸಣ್ಣ ಸಂಸ್ಥೆಗಳಿಗೆ ವೃತ್ತಿಪರ ಮಾನ್ಯತೆ ಕೊಡುವ ವ್ಯವಸ್ಥೆಗಳು ದಶಕಗಳಿಂದ ನಡೆದಿವೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಕಪ್ಪು ನೆಲದಲ್ಲಿ ಅಂಥದ್ದೊಂದು ಬೇರು ಬಿಡಬಹುದೇ, ಬಿಡಬೇಕಾದರೆ ಯಾರು ಏನನ್ನು ಬದಲಿಸಬೇಕು ಎಂದು ಕೇಳಿಕೊಂಡಿದ್ದೇನೆ.

ಮೊದಲು ಒಂದು ಪದದ ವಿಷಯ. ಮೈಸೂರು ಕಡೆಯ ಓದುಗರಿಗೆ ಗಿಡವೆಂದರೆ ಚಿಕ್ಕದು, ಮರವೆಂದರೆ ದೊಡ್ಡದು. ಕಲಬುರಗಿ ಸೀಮೆಯಲ್ಲಿ ಮೂರು ಜನ ತೋಳು ಚಾಚಿದರೂ ಅಪ್ಪಿಗೆ ಸಿಗದ ಬೇವು ಕೂಡ ‘ಬೇವಿನ ಗಿಡ’ವೇ. ಅದರ ಕೊಂಬೆ ‘ಟೊಂಗಿ’, ಹತ್ತುವುದು ‘ಏರೂದು’. ಈ ಕಸುಬಿಗೆ ಇಲ್ಲಿ ಪ್ರತ್ಯೇಕವಾದ ಹೆಸರು ನಿಂತಿಲ್ಲ. ‘ಗಿಡಾ ಕಡಿಯವ್ರು’ ಎಂದರೆ ಮುಗಿಯಿತು. ಕಡಿಯುವುದು ಮತ್ತು ಸವರುವುದು ಬೇರೆ ಬೇರೆ ಕೆಲಸ. ಆದರೆ ಹೆಸರಿನಲ್ಲಿ ಎರಡೂ ಕಲಸಿಹೋಗಿವೆ. ಬುಡಕ್ಕೆ ಕೊಡಲಿ ಹಾಕುವವನನ್ನೂ, ಮನೆಯ ಮಾಳಿಗೆಗೆ ಒರಗಿದ ಒಂದೇ ಟೊಂಗೆಯನ್ನು ಹಗ್ಗ ಕಟ್ಟಿ ಇಳಿಸುವವನನ್ನೂ ಒಂದೇ ಮಾತಿನಿಂದ ಕರೆಯುವ ಊರಿನಲ್ಲಿ ಎರಡನೆಯವನ ಜಾಣ್ಮೆಗೆ ಬೆಲೆ ಕಟ್ಟುವುದು ಕಷ್ಟ. ಸಣ್ಣ ಉದ್ದಿಮೆಗಳ ನೋಂದಣಿಯ ಉದ್ಯಮ್ ಜಾಲತಾಣದಲ್ಲಿ ಅವನು ತನ್ನ ಕೆಲಸವನ್ನು ನೋಂದಾಯಿಸಲು ಹೊರಟರೆ ತೊಡಕು ಇನ್ನೊಂದು ಬಗೆಯದು. ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದಲ್ಲಿ ಹಣ್ಣಿನ ಗಿಡ ಸವರುವುದು 0161ರಲ್ಲಿ, ಮರ ಕಡಿದು ದಿಮ್ಮಿ ಮಾಡುವುದು 0220ರಲ್ಲಿ, ಉದ್ಯಾನದ ಆರೈಕೆ 8130ರಲ್ಲಿ ಬರುತ್ತದೆ. ಬೆಳಿಗ್ಗೆ ಮಾವು ಸವರಿ, ಮಧ್ಯಾಹ್ನ ಒಣಗಿದ ಜಾಲಿ ಉರುಳಿಸಿ, ಸಂಜೆ ಶಾಲೆಯ ಅಂಗಳದ ಬೇವು ತಿದ್ದುವ ಒಬ್ಬನೇ ಮನುಷ್ಯ ಅಲ್ಲಿ ಮೂರು ತುಂಡಾಗುತ್ತಾನೆ.

ಕಾನೂನು ಮರದ ಬಗ್ಗೆ ಮೌನವಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ವೃಕ್ಷಾಧಿಕಾರಿ, ವೃಕ್ಷ ಪ್ರಾಧಿಕಾರಗಳನ್ನು ಸೃಷ್ಟಿಸಿತು. ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ‘ಕಡಿಯುವುದು’ ಎಂಬ ಪದಕ್ಕೆ ಕಾಯಿದೆ ಕೊಡುವ ಅರ್ಥ ವಿಶಾಲವಾದದ್ದು. ಸುಡುವುದು, ಹಾನಿ ಮಾಡುವುದು ಕೂಡ ಅದರೊಳಗೆ ಬರುತ್ತದೆ. ತೆಂಗು, ನೀಲಗಿರಿ, ಸರ್ವೆ, ಸುಬಾಬುಲ್‌ನಂಥ ಕೆಲವಕ್ಕೆ ವಿನಾಯಿತಿಯಿದೆ. ಈಗ ಒಂದು ಹುಣಸೆಮರದ ದಾರಿ ಹಿಡಿದು ಹೋಗೋಣ. ಮಾಲೀಕ ಅದನ್ನು ಕಡಿಸಬೇಕಾದರೆ ಅನುಮತಿ ಬೇಕು. ದಿಮ್ಮಿ ಸಾಗಿಸುವ ಟ್ರ್ಯಾಕ್ಟರಿಗೆ 1963ರ ಅರಣ್ಯ ಕಾಯಿದೆ ಮತ್ತು 1969ರ ಅರಣ್ಯ ನಿಯಮಗಳ ರಹದಾರಿ ಬೇಕಾಗಬಹುದು. ದಿಮ್ಮಿ ಸೀಳುವ ಸಾಮಿಲ್ಲಿಗೆ ಪರವಾನಗಿ ಬೇಕು. ಕಾಡುಗಳ ರಕ್ಷಣೆ ಕುರಿತ ಗೋದಾವರ್ಮನ್ ಪ್ರಕರಣದ ನಂತರ ಸುಪ್ರೀಂ ಕೋರ್ಟಿನ ಕಣ್ಣೂ ಅದರ ಮೇಲಿದೆ. ಇಷ್ಟು ಕಾಗದಗಳ ನಡುವೆ, ಮೂವತ್ತು ಅಡಿ ಮೇಲೆ ಒಂದು ಕೈಯಲ್ಲಿ ಟೊಂಗೆ ಹಿಡಿದು ಇನ್ನೊಂದು ಕೈಯಲ್ಲಿ ಗರಗಸ ಎಳೆಯುವವನಿಗೆ ಏನು ಗೊತ್ತಿರಬೇಕು ಎಂದು ವೃಕ್ಷ ಸಂರಕ್ಷಣಾ ಕಾಯಿದೆ ಕೇಳುವುದಿಲ್ಲ. ಕಡಿಯಲೇ, ಬೇಡವೇ ಎಂಬುದು ಅದರ ಪ್ರಶ್ನೆ. ಹೇಗೆ ಕಡಿಯಬೇಕು ಎಂಬುದು ಅದರ ಕಣ್ಣಿಗೆ ಬಿದ್ದಿಲ್ಲ.

ಮರ ಹತ್ತುವವನಿಗೂ ಸರ್ಕಾರಕ್ಕೂ ಈ ಸೀಮೆಯಲ್ಲಿ ಹಳೆಯ ನಂಟೊಂದಿತ್ತು. ನಿಜಾಮರ ಕಾಲದಲ್ಲಿ ಈ ಭಾಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಸೇಂದಿ ಇಳಿಸುವ ಈಚಲು ಮರಗಳಿಗೆ ಅಲ್ಲಿ ಮರದ ತೆರಿಗೆಯಿತ್ತು. 1316 ಫಸಲಿಯ ಅಬಕಾರಿ ಕಾಯಿದೆ ಆ ಆದಾಯವನ್ನು ಕಟ್ಟುನಿಟ್ಟು ಮಾಡಿತು, ಗುತ್ತಿಗೆ ಪದ್ಧತಿ ಬೆಳೆಯಿತು. ಕಲಬುರಗಿ ಜಿಲ್ಲೆಯಲ್ಲಿ ಇಂದಿಗೂ ‘ಗುತ್ತೇದಾರ’ ಎಂಬುದು ಹೆಸರಾಂತ ಅಡ್ಡಹೆಸರು. ಗುತ್ತಿಗೆ ಎಂಬ ಮಾತು ಇಲ್ಲಿ ಮನೆತನವಾಗಿ ನಿಂತ ಬಗೆಯೇ ಒಂದು ಅಧ್ಯಯನಕ್ಕೆ ತಕ್ಕದ್ದು. ಆಗ ಲೆಕ್ಕಕ್ಕೆ ಬಂದದ್ದು ಮರ ಮತ್ತು ಮರದ ರಸ. ಹತ್ತುವವನು ಆ ಲೆಕ್ಕದ ಹೊರಗೇ ಇದ್ದ. 2004ರಲ್ಲಿ ಕರಾವಳಿ ಬಿಟ್ಟು ರಾಜ್ಯದ ಉಳಿದ ಕಡೆ ಸೇಂದಿ ನಿಷೇಧವಾದಾಗ ಅವನ ಏರುವ ವಿದ್ಯೆಗೆ ಇದ್ದ ಒಂದು ಮಾರುಕಟ್ಟೆಯೂ ಮುಚ್ಚಿತು.

ಬ್ರಿಟಿಷ್ ಭಾರತದ 1923ರ ಕಾರ್ಮಿಕ ಪರಿಹಾರ ಕಾಯಿದೆಯ ಎರಡನೆಯ ಅನುಸೂಚಿ ಒಂದು ಕುತೂಹಲದ ದಾಖಲೆ. ಪರಿಹಾರಕ್ಕೆ ಅರ್ಹರಾದ ಕೆಲಸಗಾರರ ಆ ಉದ್ದನೆಯ ಯಾದಿಯಲ್ಲಿ ತಾಳೆ ಜಾತಿಯ ಮರಗಳಿಂದ ರಸ ಇಳಿಸುವವರೂ, ಮರ ಕಡಿದು ದಿಮ್ಮಿ ಮಾಡುವವರೂ ಹೆಸರು ಸಮೇತ ಸೇರಿಕೊಂಡರು. ಆ ಕಾಯಿದೆ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಕರಗಿದೆ. ಹೆಸರು ಬಂದದ್ದು ನಿಜ, ಬಂದದ್ದು ಬಿದ್ದ ಮೇಲಿನ ಲೆಕ್ಕದಲ್ಲಿ. ಆ ಲೆಕ್ಕ ಚುಕ್ತಾ ಆಗಬೇಕಾದರೂ ಒಬ್ಬ ಮಾಲೀಕ ಬೇಕು. ಗಾಣಗಾಪುರದಲ್ಲಿ ಒಟ್ಟಾಗಿ ಗಿಡ ಸವರುವ ಮೂರು–ನಾಲ್ಕು ಜನರ ಗುಂಪಿಗೆ ಮಾಲೀಕನಿಲ್ಲ. ಇವತ್ತು ಒಂದು ಮನೆ, ನಾಳೆ ಒಂದು ಹೊಲ. ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ರಕ್ಷಣೆ ಕೊಡುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇಂಥವರಿಗೆ ಕೈಗೆಟುಕುವ ಒಂದು ಆಸರೆ. ಅದಕ್ಕೆ ಕಸುಬಿನ ಗುರುತು ಬೇಡ, ಬ್ಯಾಂಕ್ ಖಾತೆ ಸಾಕು. ಮಾನ್ಯತೆಯ ಮಾತಾಡುವವರು ಇದನ್ನು ಸಣ್ಣದೆಂದು ಬದಿಗಿಡಬಾರದು.

ಈ ಕಸುಬಿನ ಅರ್ಥಶಾಸ್ತ್ರ ಅಡಗಿರುವುದು ಕಾಗದದಲ್ಲಿ ಅಲ್ಲ, ಕಟ್ಟಿಗೆಯಲ್ಲಿ. ನಮ್ಮ ಹಳ್ಳಿಗಳಲ್ಲಿ ಗಿಡ ಸವರುವ ಚೌಕಾಶಿ ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ: “ಟೊಂಗಿ ತೆಗದು ಕಟ್ಟಿಗಿ ನೀವ ಒಯ್ರಿ, ಮ್ಯಾಲ ಏನೂ ಕೇಳಬ್ಯಾಡ್ರಿ.” ಮನೆಯವನಿಗೆ ಕೈಯಿಂದ ಕಾಸು ಬಿಚ್ಚದೆ ಕೆಲಸವಾಯಿತು. ಕಡಿಯುವವನಿಗೆ ಕೂಲಿ ಕಟ್ಟಿಗೆಯ ರೂಪದಲ್ಲಿ ಬಂತು; ಹೋಟೆಲಿನ ಒಲೆಗೋ ಇಟ್ಟಿಗೆ ಭಟ್ಟಿಗೋ ಮಾರಿ ಅದನ್ನು ರೊಕ್ಕ ಮಾಡಿಕೊಳ್ಳುತ್ತಾನೆ. ಇಬ್ಬರಿಗೂ ನ್ಯಾಯವಾಗಿಯೇ ಕಾಣುವ ಈ ಕರಾರಿನಲ್ಲಿ ಮೂರನೆಯ ಪಕ್ಷವಾದ ಮರಕ್ಕೆ ಮಾತ್ರ ಅನ್ಯಾಯ ಕಟ್ಟಿಟ್ಟದ್ದು. ತೆಗೆಯಬೇಕಾದದ್ದು ತಂತಿಗೆ ತಾಗುವ ಎರಡು ಸಣ್ಣ ಟೊಂಗೆ ಎಂದಿಟ್ಟುಕೊಳ್ಳಿ. ಅವುಗಳಿಂದ ಸಿಗುವುದು ಒಂದು ಹೊರೆ ಚಿಪ್ಪಾಟಿ. ಬೊಡ್ಡೆಯ ಹತ್ತಿರದ ದಪ್ಪ ಟೊಂಗೆಯಿಂದ ಸಿಗುವುದು ಒಂದು ಗಾಡಿ ಕಟ್ಟಿಗೆ. ಮೂರು ಜನರ ಒಂದು ದಿನದ ಕೂಲಿ ಹುಟ್ಟಬೇಕಾದರೆ ಕೊಡಲಿ ಎಲ್ಲಿಗೆ ಹೋಗಬೇಕೆಂದು ಯಾರಿಗೂ ಪಾಠ ಹೇಳಬೇಕಾಗಿಲ್ಲ. ಬೇಸಿಗೆಯ ಕೊನೆಯಲ್ಲಿ ತಲೆ ಬೋಳಿಸಿಕೊಂಡು ನಿಂತ ರಸ್ತೆಬದಿಯ ಬೇವುಗಳನ್ನು ಕಂಡು ನಾವು ಅಜ್ಞಾನವೆಂದು ಬೈಯುತ್ತೇವೆ. ಬಹಳ ಕಡೆ ಅಲ್ಲಿರುವುದು ಅಜ್ಞಾನವಲ್ಲ, ಲೆಕ್ಕಾಚಾರ. ಕಡಿಯುವವನಿಗೆ ಮರದ ಪ್ರಾಣ ಎಲ್ಲಿದೆಯೆಂದು ನಮಗಿಂತ ಚೆನ್ನಾಗಿ ಗೊತ್ತು. ಕೂಲಿ ಅದರ ಪಕ್ಕದಲ್ಲೇ ಇದೆ, ಅಷ್ಟೇ.

ಆದ್ದರಿಂದ ನನ್ನ ವಾದ ಇದು: ಕೂಲಿಯನ್ನು ಕಟ್ಟಿಗೆಯಿಂದ ಬಿಡಿಸದೆ ಕೊಡುವ ಯಾವ ಪ್ರಮಾಣಪತ್ರವೂ ಗೋಡೆಯ ಮೇಲಿನ ಚಿತ್ರವಾಗಿ ಉಳಿಯುತ್ತದೆ. ತರಬೇತಿ ಪಡೆದು ಬಂದವನನ್ನೂ ಮರುದಿನ ಹಳೆಯ ಕರಾರು ಹಳೆಯ ಕಡೆಗೇ ಎಳೆಯುತ್ತದೆ. ಯಾವ ಟೊಂಗೆ ತೆಗೆಯಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನಕ್ಕೆ ಹಣ ಸಲ್ಲುವಂತಾದಾಗ ಮಾತ್ರ ಆ ತೀರ್ಮಾನ ಮಾಡಬಲ್ಲವನಿಗೂ ಮಾಡಲಾರದವನಿಗೂ ಇರುವ ಅಂತರ ಮಾರುಕಟ್ಟೆಯಲ್ಲಿ ಕಾಣಿಸುತ್ತದೆ. ಮಾನ್ಯತೆ ಎಂಬುದು ಆ ಅಂತರಕ್ಕೆ ಹಾಕುವ ಮುದ್ರೆ.

ಆ ತೀರ್ಮಾನದಲ್ಲಿ ಕಲಿಯಬೇಕಾದದ್ದು ಎಷ್ಟಿದೆ ಎಂಬುದಕ್ಕೆ ಒಂದು ನಿದರ್ಶನ ಸಾಕು. ಟೊಂಗೆ ಬೊಡ್ಡೆಯಿಂದ ಹೊರಡುವ ಕಡೆ ಅದರ ಬುಡದ ಸುತ್ತ ತೊಗಟೆ ಕೊರಳಪಟ್ಟಿಯಂತೆ ಉಬ್ಬಿರುತ್ತದೆ. ಹಿಂದೆ ಬಹಳ ಕಡೆ ಟೊಂಗೆಯನ್ನು ಬೊಡ್ಡೆಗೆ ಸಪಾಟಾಗಿ ಕತ್ತರಿಸಿ, ಗಾಯಕ್ಕೆ ಡಾಂಬರೋ ಬಣ್ಣವೋ ಬಳಿದರೆ ಒಳ್ಳೆಯ ಕೆಲಸವೆಂದು ನಂಬಿದ್ದರು. ಅಮೆರಿಕದ ಅರಣ್ಯ ಸೇವೆಯ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ಒಳಗಿನ ಕೊಳೆಯ ಜಾಡು ನೋಡಿದ. ಮರ ಗಾಯವನ್ನು ವಾಸಿ ಮಾಡಿಕೊಳ್ಳುವುದಿಲ್ಲ, ಕೆಟ್ಟ ಭಾಗಕ್ಕೆ ಒಳಗೊಳಗೇ ಗೋಡೆ ಕಟ್ಟಿ ಅದನ್ನು ಬೇರ್ಪಡಿಸುತ್ತದೆ ಎಂದು 1977ರಲ್ಲಿ ಆತ ಮತ್ತು ಜೊತೆಗಾರ ಪ್ರಕಟಿಸಿದ ಮಾದರಿ ಹೇಳಿತು. ಆ ಗೋಡೆ ಕಟ್ಟುವ ಶಕ್ತಿ ಇರುವುದು ಕೊರಳಪಟ್ಟಿಯಲ್ಲಿ. ಹಾಗಾಗಿ ಅದನ್ನು ಉಳಿಸಿ ಅದರ ಹೊರಗೆ ಕತ್ತರಿಸಬೇಕು. ಬಣ್ಣ ಬಳಿದು ಪ್ರಯೋಜನವಿಲ್ಲ. ಭಾರದ ಟೊಂಗೆಯಾದರೆ ಮೊದಲು ಕೆಳಗಿನಿಂದ ಒಂದು ಕಚ್ಚು, ಆಮೇಲೆ ಅದಕ್ಕಿಂತ ತುಸು ಹೊರಗೆ ಮೇಲಿನಿಂದ ಕಡಿತ, ಕೊನೆಗೆ ಉಳಿದ ಮೋಟನ್ನು ಕೊರಳಪಟ್ಟಿಯ ಹೊರಗೆ ತೆಗೆಯುವುದು. ಮೊದಲ ಕಚ್ಚು ಬಿಟ್ಟರೆ ಬೀಳುವ ಟೊಂಗೆ ಬೊಡ್ಡೆಯ ಚರ್ಮವನ್ನೇ ಸುಲಿದುಕೊಂಡು ಹೋಗುತ್ತದೆ. ಇದಿಷ್ಟನ್ನು ಬಾಯಿಮಾತಲ್ಲಿ ಹೇಳಿ, ಒಂದು ಬೇವಿನ ಮೇಲೆ ಮಾಡಿ ತೋರಿಸಲು ಒಂದು ಬೆಳಗು ಸಾಕು. ಓದು ಬಾರದವನೂ ಕಲಿಯಬಲ್ಲ. ಬಲ್ಲವನನ್ನು ಬಾರದವನಿಂದ ಬೇರ್ಪಡಿಸಲು ಪರೀಕ್ಷಕನಿಗೆ ಮಾಡಿದ ಕಡಿತವನ್ನು ನೋಡಿದರೆ ಸಾಕು.

ಗಾಣಗಾಪುರದಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಇದು ಅತ್ತಿಮರದ ಊರು. ದತ್ತ ಸಂಪ್ರದಾಯದಲ್ಲಿ ಔದುಂಬರ, ಅಂದರೆ ಅತ್ತಿ, ದೇವರ ನೆಲೆ. ಸಂಗಮದ ಔದುಂಬರದ ನೆರಳಲ್ಲಿ ಗುರುಚರಿತ್ರೆಯ ಪಾರಾಯಣಕ್ಕೆ ಕೂರುವವರು ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣಗಳಿಂದ ಬರುತ್ತಾರೆ. ಕನ್ನಡ ಮನೆಮಾತಿನವನೆಂದು ವಿದ್ವಾಂಸರು ಹೇಳುವ ಸರಸ್ವತಿ ಗಂಗಾಧರ ಮರಾಠಿಯಲ್ಲಿ ಬರೆದ ಆ ಗ್ರಂಥದ 40ನೆಯ ಅಧ್ಯಾಯದಲ್ಲಿ ಕುಷ್ಠರೋಗಿ ನರಹರಿಯ ಕಥೆ ಬರುತ್ತದೆ. ಒಣಗಿದ ಔದುಂಬರದ ಕಟ್ಟಿಗೆಯನ್ನು ಸಂಗಮದಲ್ಲಿ ನೆಟ್ಟು ನೀರೆರೆಯಲು ಗುರು ನೃಸಿಂಹ ಸರಸ್ವತಿ ಹೇಳುತ್ತಾರೆ. ಕಂಡವರು ನಗುತ್ತಾರೆ, ಒಣಕಟ್ಟಿಗೆ ಎಲ್ಲಾದರೂ ಚಿಗುರೀತೇ ಎನ್ನುತ್ತಾರೆ. ನರಹರಿ ಬಿಡದೆ ನೀರೆರೆಯುತ್ತಾನೆ, ಕೊನೆಗೆ ಗುರುಕೃಪೆಯಿಂದ ಕಟ್ಟಿಗೆ ಚಿಗುರುತ್ತದೆ. ಕಥೆಯ ತಾತ್ಪರ್ಯ ಭಕ್ತಿಯದು, ಅದನ್ನು ತೋಟಗಾರಿಕೆಯ ಪಾಠವಾಗಿ ಎಳೆಯುವ ಇರಾದೆ ನನಗಿಲ್ಲ. ಆದರೂ ಒಂದು ಮಾತು ಹೇಳಬಹುದು. ಮರದ ಆರೈಕೆಯನ್ನೇ ಸಾಧನೆಯಾಗಿ ಕಂಡ ಕಥೆ ಈ ಊರಿನ ಮುಖ್ಯ ಗ್ರಂಥದಲ್ಲೇ ಇದೆ. ಆ ಕೆಲಸ ಮಾಡುವ ಕೈಗೆ ಇಲ್ಲಿ ಗೌರವ ಹುಟ್ಟಿಸಲು ಹೊರಗಿನ ಉಪದೇಶ ಬೇಕಾಗಿಲ್ಲ.

ಭಕ್ತಿಯಿಂದ ತೊಡಕೂ ಹುಟ್ಟುತ್ತದೆ. ಅತ್ತಿಗೂ ಅರಳಿಗೂ ಕೊಡಲಿ ಹಾಕಬಾರದೆಂಬ ನಂಬಿಕೆ ಆ ಮರಗಳನ್ನು ಶತಮಾನಗಳ ಕಾಲ ಕಾಪಾಡಿದೆ. ಅದೇ ನಂಬಿಕೆಯಿಂದ ಸತ್ತ ಟೊಂಗೆ ಕೂಡ ಜನರ ತಲೆಯ ಮೇಲೆ ನೇತಾಡುತ್ತ ಉಳಿಯುತ್ತದೆ. ಬುಡ ಕಡಿಯುವುದು ಬೇರೆ, ಒಣಗಿದ್ದನ್ನು ತೆಗೆಯುವುದು ಬೇರೆ ಎಂಬ ಭೇದ ಮಾತಿನಲ್ಲಿ ಅಳಿಸಿಹೋದದ್ದರ ಬೆಲೆ ಇಲ್ಲಿ ಗೊತ್ತಾಗುತ್ತದೆ. ಇನ್ನೊಂದು ತೊಂದರೆ ಕಟ್ಟೆಯದು. ಪ್ರದಕ್ಷಿಣೆಗೆ ಅನುಕೂಲವಾಗಲೆಂದು ಮರದ ಬೊಡ್ಡೆಗೆ ತಾಗಿಸಿ ಫರಸಿ, ಸಿಮೆಂಟು ಹಾಸುವುದು ನಮ್ಮ ಯಾತ್ರಾಸ್ಥಳಗಳಲ್ಲೆಲ್ಲ ರೂಢಿ. ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಎರೆನೆಲದಲ್ಲಿ ಬೇರುಗಳಿಗೆ ಮೊದಲೇ ನೆಮ್ಮದಿಯಿಲ್ಲ. ಅದರ ಮೇಲೆ ಈ ಹೊದಿಕೆ. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರ ಏಪ್ರಿಲ್‌ನಲ್ಲಿ ಬೊಡ್ಡೆಯ ಸುತ್ತ ಒಂದು ಮೀಟರ್ ಒಳಗಿನ ಕಾಂಕ್ರೀಟು ತೆಗೆಯಲು ಆದೇಶಿಸಿತು. ಗಿಡ ಸವರುವವನು ಕಟ್ಟೆಯ ಬಗ್ಗೆ ಬಾಯಿ ತೆರೆಯುವುದಿಲ್ಲ. ಅವನನ್ನು ಕರೆದದ್ದು ಅದಕ್ಕಲ್ಲ. ಮಾನ್ಯತೆ ಪಡೆದವನಾಗಿದ್ದರೆ ಆ ಮಾತಾಡುವ ಅಧಿಕಾರವೂ ಅವನಿಗೆ ಬರುತ್ತಿತ್ತು ಎಂಬುದು ನನ್ನ ಊಹೆ.

ಹೊರಗಿನ ಮಾದರಿಗಳಲ್ಲಿ ಎರಡು ಎಳೆಗಳಿವೆ. ಒಂದು, ವ್ಯಕ್ತಿಗೆ ಕೊಡುವ ಪ್ರಮಾಣಪತ್ರ. 1924ರಲ್ಲಿ ಬೇರೆ ಹೆಸರಿನಲ್ಲಿ ಅಮೆರಿಕದಲ್ಲಿ ಹುಟ್ಟಿದ ಇಂಟರ್‌ನ್ಯಾಷನಲ್ ಸೊಸೈಟಿ ಆಫ್ ಆರ್ಬೊರಿಕಲ್ಚರ್ 1992ರಿಂದ ಇದನ್ನು ಕೊಡುತ್ತಿದೆ. ಮೂರು ವರ್ಷದ ಅನುಭವ, 200 ಪ್ರಶ್ನೆಗಳ ಪರೀಕ್ಷೆ, ಮೂರು ವರ್ಷಕ್ಕೊಮ್ಮೆ ನವೀಕರಣ. ಮರ ಹತ್ತುವವರಿಗೆಂದೇ ಬೇರೆ ಪತ್ರವಿದೆ. ಅದರಲ್ಲಿ ಹತ್ತಿ ತೋರಿಸುವ ಪರೀಕ್ಷೆಯಿರುತ್ತದೆ, ಪ್ರಥಮ ಚಿಕಿತ್ಸೆ ಗೊತ್ತಿರಬೇಕು, ಮೇಲೆ ಸಿಕ್ಕಿಬಿದ್ದ ಜೊತೆಗಾರನನ್ನು ಇಳಿಸುವ ತರಬೇತಿ ಆಗಿರಬೇಕು. ಇನ್ನೊಂದು, ಸಂಸ್ಥೆಗೆ ಕೊಡುವ ಮಾನ್ಯತೆ. 1964ರಲ್ಲಿ ಸ್ಥಾಪನೆಯಾದ ಬ್ರಿಟನ್ನಿನ ಆರ್ಬೊರಿಕಲ್ಚರಲ್ ಅಸೋಸಿಯೇಷನ್ ತನ್ನ ಮಾನ್ಯ ಗುತ್ತಿಗೆದಾರರ ಯಾದಿ ಇಟ್ಟುಕೊಂಡಿದೆ. ಅಲ್ಲಿ ವಿಮೆ, ದಾಖಲೆಗಳನ್ನು ನೋಡುತ್ತಾರೆ, ಕೆಲಸ ನಡೆಯುವ ಜಾಗಕ್ಕೂ ಬಂದು ನೋಡುತ್ತಾರೆ. ಕೆಲಸದ ಗುಣವನ್ನು ಅಳೆಯಲು ಬಿ.ಎಸ್. 3998 ಎಂಬ ಮಾನಕವಿದೆ. ಮನುಷ್ಯನನ್ನು ಹೊರುವ ಹಗ್ಗ, ಪಟ್ಟಿಗಳನ್ನು ಆರು ತಿಂಗಳಿಗೊಮ್ಮೆ ಬಲ್ಲವರಿಂದ ತಪಾಸಣೆ ಮಾಡಿಸಬೇಕೆಂದು ಅಲ್ಲಿನ 1998ರ ನಿಯಮ ಹೇಳುತ್ತದೆ. ಬಾವಿಯ ಹಗ್ಗವನ್ನೇ ಗಿಡಕ್ಕೂ ಬಳಸುವ ನಮ್ಮ ಕಡೆ ಕಡ ತರಬಹುದಾದ ನಿಯಮ ಇದೊಂದು, ಖರ್ಚೂ ಹೆಚ್ಚಿಲ್ಲ.

ಗಾಣಗಾಪುರಕ್ಕೆ ಇವೆರಡರಲ್ಲಿ ಯಾವುದೂ ಹಾಗೇ ಒಗ್ಗುವುದಿಲ್ಲ. ಇಲ್ಲಿ ಸಂಸ್ಥೆಯೆಂಬುದು ಇಲ್ಲ. ಕಚೇರಿ, ಕಡತ, ಫಲಕ ಏನೂ ಇಲ್ಲ. ಒಬ್ಬನನ್ನೇ ಬಿಡಿಯಾಗಿ ಪರೀಕ್ಷಿಸಿದರೂ ಸಾಲದು. ಮೇಲೆ ಹತ್ತಿದವನ ಜೀವ ಕೆಳಗೆ ಹಗ್ಗ ಹಿಡಿದವನ ಕೈಯಲ್ಲಿರುತ್ತದೆ. ಆ ಕೆಳಗಿನವನು ಬೀಡಿ ಹಚ್ಚಲು ತಿರುಗಿದ ಗಳಿಗೆಯಲ್ಲಿ ಮೇಲಿನವನ ಪ್ರಮಾಣಪತ್ರ ಏನು ಮಾಡೀತು? ಇಲ್ಲಿ ಮಾನ್ಯತೆ ಸಲ್ಲಬೇಕಾದದ್ದು ಜೋಡಿಗೆ. ಏರುವವ ಮತ್ತು ಹಗ್ಗದವ ಇಬ್ಬರೂ ಒಟ್ಟಿಗೆ ಪರೀಕ್ಷೆಗೆ ನಿಲ್ಲಬೇಕು, ಚೀಟಿಯಲ್ಲಿ ಇಬ್ಬರ ಭಾವಚಿತ್ರವೂ ಇರಬೇಕು.

ನಮ್ಮ ದೇಶದಲ್ಲೇ ಇದಕ್ಕೆ ಹತ್ತಿರದ ಒಂದು ಪ್ರಯೋಗ ನಡೆದಿದೆ. ತೆಂಗು ಅಭಿವೃದ್ಧಿ ಮಂಡಳಿ 2011ರ ಆಗಸ್ಟ್‌ನಲ್ಲಿ ಕೇರಳದಲ್ಲಿ ಆರಂಭಿಸಿದ ‘ತೆಂಗಿನ ಮರದ ಗೆಳೆಯರು’ ತರಬೇತಿ. ಮರ ಹತ್ತುವವರು ಸಿಗದೆ ಕಾಯಿ ಮರದಲ್ಲೇ ಉಳಿಯುತ್ತಿದ್ದ ಕಾಲವದು. ಆರು ದಿನ ಯಂತ್ರದಿಂದ ಹತ್ತುವುದನ್ನೂ ಗಿಡದ ಆರೈಕೆಯನ್ನೂ ಕಲಿಸಿ, ಹತ್ತುವ ಯಂತ್ರವನ್ನು ಕೈಗೆ ಕೊಟ್ಟು ಕಳಿಸಿದರು. ಜೊತೆಗೆ ‘ಕೇರ ಸುರಕ್ಷಾ’ ಅಪಘಾತ ವಿಮೆ; ಕಂತಿನ ದೊಡ್ಡ ಪಾಲನ್ನು ಮಂಡಳಿಯೇ ಭರಿಸಿತು. ಮುಂದೆ ಇದು ಕರ್ನಾಟಕವೂ ಸೇರಿ ಬೇರೆ ರಾಜ್ಯಗಳಿಗೆ ಹರಡಿತು. ಅದು ಬೇರೂರಿದ್ದು ಏಕೆ ಎಂಬುದನ್ನು ಗಮನಿಸಬೇಕು. ತೆಂಗು ಹತ್ತುವವನಿಗೆ ಕೂಲಿ ಮರದ ಲೆಕ್ಕದಲ್ಲಿ ಸಿಗುತ್ತದೆ, ಹತ್ತಿ ಇಳಿದದ್ದಕ್ಕೆ ಸಿಗುತ್ತದೆ. ಮರವನ್ನು ಹಾಳು ಮಾಡಿದರೆ ಅವನಿಗೆ ಬರುವುದು ಏನೂ ಇಲ್ಲ, ಮುಂದಿನ ಕೊಯ್ಲು ತಪ್ಪುತ್ತದೆ ಅಷ್ಟೇ. ಕರಾರು ನೆಟ್ಟಗಿದ್ದ ಕಡೆ ತರಬೇತಿಯೂ ಚೀಟಿಯೂ ಹಿಡಿದವು. ಹಿಂದೆ ಒಂದು ಮಂಡಳಿ, ಮುಂದೆ ಒಂದು ಬೆಳೆ ಇತ್ತು ಎಂಬುದೂ ನಿಜ. ಬೇವಿಗೂ ಹುಣಸೆಗೂ ಅಂಥ ಮಂಡಳಿಯಿಲ್ಲ.

ಹಾಗಾದರೆ ಗಾಣಗಾಪುರದಲ್ಲಿ ಚೀಟಿ ಕೇಳುವವರು ಯಾರು? ಬಿಡಿ ಮನೆಯವರು ಕೇಳುವುದಿಲ್ಲ, ಅವರಿಂದ ಅದನ್ನು ನಿರೀಕ್ಷಿಸುವುದೂ ತಪ್ಪು. ಸಾರ್ವಜನಿಕ ಹಣದಿಂದ ಗಿಡ ಸವರಿಸುವವರು ಮೂವರಿದ್ದಾರೆ. ಮೊದಲನೆಯದು ವಿದ್ಯುತ್ ಕಂಪನಿ. 2002ರಲ್ಲಿ ರಚನೆಯಾದ ಜೆಸ್ಕಾಂಗೆ ಮುಂಗಾರಿನ ಮುಂಚೆ ತಂತಿಗೆ ತಾಗುವ ಟೊಂಗೆ ತೆಗೆಸುವುದು ಪ್ರತಿವರ್ಷದ ಕೆಲಸ. ಇಲ್ಲೊಂದು ವಿಪರ್ಯಾಸ ಕಾಣುತ್ತದೆ. ಮನೆಯೊಳಗೆ ಫ್ಯಾನಿನ ತಂತಿ ಎಳೆಯುವ ಗುತ್ತಿಗೆದಾರನಿಗೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಬೇಕು, ವೈರ್‌ಮನ್‌ಗೆ ಪರ್ಮಿಟ್ ಬೇಕು. 11 ಕೆ.ವಿ. ತಂತಿಯ ಪಕ್ಕದ ಟೊಂಗೆಯ ಮೇಲೆ ಕೂತವನಿಂದ ಅಂಥ ಯಾವ ಪತ್ರವನ್ನೂ ಕೇಳುವ ಪದ್ಧತಿಯಿಲ್ಲ. ಲೈನ್‌ಮನ್ ಸಬ್‌ಸ್ಟೇಷನ್ನಿನಿಂದ ಎಲ್.ಸಿ. (ಲೈನ್ ಕ್ಲಿಯರ್, ಅಂದರೆ ತಂತಿಯಲ್ಲಿ ವಿದ್ಯುತ್ ನಿಲ್ಲಿಸಿದ ಖಾತ್ರಿ) ತೆಗೆದುಕೊಂಡಿದ್ದಾನೋ ಇಲ್ಲವೋ ಎಂದು ಕೇಳಿಯೇ ಗಿಡ ಏರಬೇಕೆಂಬ ತಿಳಿವಳಿಕೆ, ಕೇಳುವ ಧೈರ್ಯ, ಈ ಎರಡನ್ನೇ ಪರೀಕ್ಷಿಸಿದರೂ ಪರೀಕ್ಷೆಯ ಅರ್ಧ ಮುಗಿಯುತ್ತದೆ. ಎರಡನೆಯದು ಗ್ರಾಮ ಪಂಚಾಯಿತಿ: ಶಾಲೆ, ಅಂಗನವಾಡಿ, ಸಂತೆಯ ಜಾಗ. ಮೂರನೆಯದು ದೇವಸ್ಥಾನ. ದತ್ತಾತ್ರೇಯ ದೇವಸ್ಥಾನ ಧಾರ್ಮಿಕ ದತ್ತಿ ಇಲಾಖೆಗೆ ಸೇರಿದ್ದು. ಹುಣ್ಣಿಮೆಗೂ ದತ್ತ ಜಯಂತಿಗೂ ಸಾವಿರಾರು ಜನ ಗಿಡಗಳ ಕೆಳಗೆ ಕೂರುವ, ಮಲಗುವ ಸ್ಥಳವದು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಸಂಗಮವನ್ನು ಮುಳುಗಿಸಿದಂಥ ಪ್ರವಾಹಗಳು ಬೇರಿನ ಮಣ್ಣು ಕೊಚ್ಚುತ್ತವೆ. ನೀರು ಇಳಿದ ಮೇಲೆ ನಿಂತ ಮರ ಗಟ್ಟಿಯೇ ಎಂದು ಬೊಡ್ಡೆ ತಟ್ಟಿ, ಬುಡದ ಬಿರುಕು ನೋಡಿ ಹೇಳಬಲ್ಲವರು ಅಲ್ಲಿ ಬೇಕು.

ಪರೀಕ್ಷಿಸುವವರು ಯಾರು ಎಂಬುದು ಅಷ್ಟು ಕಷ್ಟದ ಪ್ರಶ್ನೆಯಲ್ಲ. ಕಲಬುರಗಿಯಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ವಿಜ್ಞಾನ ಕೇಂದ್ರವಿದೆ, ಅರಣ್ಯ ಇಲಾಖೆಯಿದೆ. ಕೌಶಲ ಯೋಜನೆಗಳಲ್ಲಿ ಮೊದಲೇ ಬಲ್ಲವರ ವಿದ್ಯೆಯನ್ನು ಅಳೆದು ಪತ್ರ ಕೊಡುವ ಪದ್ಧತಿ ಈಗಾಗಲೇ ಇದೆ. ವಿಶ್ವಕರ್ಮ ಯೋಜನೆಯಲ್ಲಿ ಅರ್ಜಿದಾರ ನಿಜವಾಗಿ ಆ ಕಸುಬಿನವನೇ ಎಂಬ ಮೊದಲ ಪರಿಶೀಲನೆ ಗ್ರಾಮ ಪಂಚಾಯಿತಿಯಲ್ಲೇ ಆಗುತ್ತದೆ. ಊರಿಗೆ ಯಾರು ಏನು ಬಲ್ಲರೆಂದು ಗೊತ್ತಿರುತ್ತದೆ ಎಂಬ ಸರಳ ತಿಳಿವಿನ ಮೇಲೆ ನಿಂತ ಏರ್ಪಾಡದು. ನನಗೆ ಹೆದರಿಕೆಯಿರುವುದು ಬೇರೆ ಕಡೆ. ಪರೀಕ್ಷೆ ಬರವಣಿಗೆಯದಾದರೆ, ಇಂಗ್ಲಿಷಿನಲ್ಲೋ ಬೆಂಗಳೂರಿನ ಪುಸ್ತಕದ ಕನ್ನಡದಲ್ಲೋ ಆದರೆ, ಶುಲ್ಕ ಮುಂಗಡ ಕಟ್ಟಬೇಕಾದರೆ, ಇಪ್ಪತ್ತು ವರ್ಷ ಗಿಡ ಏರಿದವನು ಹೊರಗೆ ಉಳಿಯುತ್ತಾನೆ. ಗಿಡವನ್ನೇ ಮುಟ್ಟದ, ಆದರೆ ಅರ್ಜಿ ತುಂಬಲು ಬಲ್ಲವನು ಮಾನ್ಯತೆ ಪಡೆದು ಅದೇ ಹಳಬನನ್ನು ದಿನಗೂಲಿಗೆ ಇಟ್ಟುಕೊಳ್ಳುತ್ತಾನೆ. ಸೇಂದಿಯ ಕಾಲದಲ್ಲಿ ಗುತ್ತಿಗೆ ಹಿಡಿದವನು ಒಬ್ಬ, ಮರ ಹತ್ತಿದವನು ಇನ್ನೊಬ್ಬ. ಆ ಚರಿತ್ರೆ ಇನ್ನೊಮ್ಮೆ ನಡೆಯಲು ಹೆಚ್ಚೇನೂ ಬೇಕಿಲ್ಲ. ಚೀಟಿ ಏರುವವನ ಮತ್ತು ಹಗ್ಗದವನ ಹೆಸರಿಗೇ ಇರಬೇಕು, ಪರೀಕ್ಷೆ ಗಿಡದ ಕೆಳಗೇ ಆಗಬೇಕು, ಗಡಿಸೀಮೆಯಾದ್ದರಿಂದ ಮರಾಠಿ ಬೆರೆತ ಮಾತಿಗೂ ಅಲ್ಲಿ ಜಾಗವಿರಬೇಕು ಎಂದು ನಾನು ಹೇಳುವುದು ಇದಕ್ಕಾಗಿ.

ಆರಂಭಕ್ಕೆ ಯಾವ ಹೊಸ ಕಾಯಿದೆಯೂ ಬೇಡ. ದೇವಸ್ಥಾನವೋ ಪಂಚಾಯಿತಿಯೋ ಮುಂದಿನ ಬೇಸಿಗೆಗೆ ಗಿಡ ಸವರಲು ಹೊರಡಿಸುವ ಕೊಟೇಷನ್ ಕಾಗದದಲ್ಲಿ ಸೇರಿಸಬಹುದಾದ ಷರತ್ತಿನ ಕರಡನ್ನು ಇಲ್ಲಿ ಕೊಡುತ್ತೇನೆ: ‘ತೆಗೆಯಬೇಕಾದ ಟೊಂಗೆಗಳಿಗೆ ಕೆಲಸಕ್ಕೆ ಮೊದಲು ಸುಣ್ಣದ ಗುರುತು ಹಾಕಲಾಗುವುದು. ಗುರುತಿಲ್ಲದ ಟೊಂಗೆ ಕಡಿದರೆ ಆ ಗಿಡದ ಕೂಲಿ ಇಲ್ಲ. ಏರುವವನಿಗೂ ಹಗ್ಗ ಹಿಡಿಯುವವನಿಗೂ ಗಿಡದ ಲೆಕ್ಕದಲ್ಲಿ ರೊಕ್ಕದ ರೂಪದಲ್ಲೇ ಕೂಲಿ ಕೊಡಲಾಗುವುದು. ಇಬ್ಬರ ಅಪಘಾತ ವಿಮೆಯ ಈ ವರ್ಷದ ಕಂತನ್ನು ಕೆಲಸ ಕೊಡುವವರು ಕಟ್ಟುವರು. ಕಡಿದ ಕಟ್ಟಿಗೆ ದಾಸೋಹದ ಒಲೆಗೆ ಸೇರಿದ್ದು.’